ತಟಸ್ಥ ನೀತಿ ಎಂದರೇನು?

ಶಾಲೆಯಲ್ಲಿ ಪ್ರಶ್ನೆ ಡಬ್ಬಿ ಇಟ್ಟವಳು ಸೋಶಿಯಲ್ ಮಿಸ್ಸೇ. ಎದ್ದು ಕೇಳಲು ನಾಚುವ ಮಕ್ಕಳು ಹೆಸರಿಲ್ಲದೆ ಚೀಟಿ ಹಾಕಲಿ, ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಉತ್ತರ ಹಚ್ಚುತ್ತೇನೆ ಎಂದಿದ್ದಳು. ನಾಚಿಕೆಯ ಕಷ್ಟ ಅವಳಿಗೆ ಗೊತ್ತು. ಚಕ್ರವರ್ತಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳಿಗೆ, ಪಕ್ಕದ ಕುರ್ಚಿಯ ಲೆಕ್ಕದ ಮೇಷ್ಟ್ರು "ಟೀ ಆಯ್ತಾ?" ಎಂದರೆ ಸಾಕು, ನಾಲಗೆ ಕೈಕೊಡುತ್ತಿತ್ತು.

ಇವತ್ತು ಆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಡ್ರಾಯರ್ ಖಾಲಿ ಮಾಡುತ್ತಿದ್ದರು. ಬೇರೆ ಊರಿಗೆ ವರ್ಗ. ಅದೂ ಅವರೇ ಕೇಳಿ ಪಡೆದ ವರ್ಗ ಎಂದು ಬೆಳಿಗ್ಗೆ ಹೆಡ್ ಮೇಡಂ ಹೇಳಿದಾಗಿನಿಂದ ಅವಳ ತಿದ್ದುವ ಕೆಲಸ ಒಂದೇ ನೋಟ್‌ಬುಕ್ಕಿನಲ್ಲಿ ನಿಂತಿತ್ತು.

ಅವರ ಪುಸ್ತಕದಿಂದ ಒಂದು ಚೀಟಿ ಜಾರಿ ಅವಳ ಕಾಲ ಬಳಿ ಬಿತ್ತು. ಎತ್ತಿ ನೋಡಿದರೆ ಪ್ರಶ್ನೆ ಡಬ್ಬಿಯ ಹಳೆಯ ಚೀಟಿ; ಯಾರದೋ ಸೊಟ್ಟ ಅಕ್ಷರ, ಅದರ ಮೇಲೆ ಅವಳದೇ ಕೆಂಪು ಇಂಕು.

"ಪಕ್ಕದ ದೇಶ ನಗುತ್ತದೆ, ಕದ್ದು ನೋಡುತ್ತದೆ, ಒಪಂದದ ಮಾತು ಬಂದರೆ ಮಾತ್ರ ಸುಮ್ಮನಾಗುತ್ತದೆ. ಇದಕ್ಕೆ ಏನೆನ್ನುತ್ತಾರೆ?"

'ಒಪಂದ'ಕ್ಕೆ ಅವಳೇ ಒತ್ತು ಕೊಟ್ಟು ತಿದ್ದಿದ್ದಳು. ಕೆಳಗೆ ಉತ್ತರ: "ತಟಸ್ಥ ನೀತಿ. ಆ ದೇಶಕ್ಕೆ ನಿಮ್ಮ ಮೇಲೆ ಒಲವೂ ಇಲ್ಲ, ಹಗೆಯೂ ಇಲ್ಲ. ದೂರವಿದ್ದು ಗೌರವಿಸುವುದೇ ಸರಿ."

"ಇದು ಎಂಟನೇ ಕ್ಲಾಸಿನವರು ಯಾರೋ ಹಾಕಿದ್ದಲ್ವಾ? ನಿಮ್ಮ ಹತ್ರ ಹೇಗ್ ಬಂತು?"

ಮೇಷ್ಟ್ರ ಕಿವಿ ಕೆಂಪಾಯಿತು. "ನಿಮಗೆ ಅಕ್ಷರ ಗೊತ್ತಾಗ್ಬಾರ್ದು ಅಂತ ಎಡಗೈಲಿ ಬರ್ದಿದ್ದೆ. ತಪ್ಪು ಮಾತ್ರ ನಂದೇ. ಬೋರ್ಡಿಂದ ನಾನೇ ಕಿತ್ಕೊಂಡೆ."

"ಅಯ್ಯೋ, ನೀವು ಅಂತ ಗೊತ್ತಿರ್ಲಿಲ್ಲ ಕಣ್ರೀ!"

"ಗೊತ್ತಿದ್ದಿದ್ರೆ?"

ಅವರು ಕಣ್ಣು ಕೀಳದೆ ನೋಡುತ್ತಿದ್ದರು. ಊರಿಗೆಲ್ಲ ಉತ್ತರ ಹೇಳುವವಳು, ತನ್ನ ಬಾಗಿಲಿಗೆ ಬಂದ ಒಂದೇ ಒಂದು ಪ್ರಶ್ನೆಯನ್ನು ಒತ್ತು ತಿದ್ದಿ ವಾಪಸ್ ಕಳಿಸಿದ್ದಳು. ಅವಳಿಗೆ ಅಳು ಬಂತು.

"ಆರ್ಡರ್ ಕ್ಯಾನ್ಸಲ್ ಮಾಡ್ಸಕ್ಕಾಗಲ್ವಾ?"

"ಕೇಳಿ ತಗೊಂಡಿದ್ದು ಮಿಸ್. ಮೂರು ವರ್ಷ ಅಲ್ಲಾಡೋ ಹಾಗಿಲ್ಲ. ನಾಳೆ ಬೆಳಿಗ್ಗೆನೇ ಅಲ್ಲಿ ಹಾಜರಾಗ್ಬೇಕು."

ಕೊನೆಯ ಪೀರಿಯಡ್ಡಿನ ಬೆಲ್ ಹೊಡೆಯಿತು. ಅವಳಿಗೆ ಕ್ಲಾಸು, ಅವರಿಗೆ ಬಸ್ಸು. ಅವಳು ಕೆಂಪು ಪೆನ್ನು ತೆಗೆದು ತನ್ನ ಉತ್ತರವನ್ನು ಅಡ್ಡಡ್ಡ ಹೊಡೆದು ಹಾಕಿ, ಕೆಳಗೆ ಬರೆದಳು: "ಉತ್ತರ ತಪ್ಪು. ಆ ದೇಶ ತಟಸ್ಥವಾಗಿರಲಿಲ್ಲ. ಹೆದರಿಕೊಂಡಿತ್ತು, ಅಷ್ಟೇ." ಅದರಡಿ ಸಹಿ ಹಾಕಿದಳು.

ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು. ಪೆನ್ನಿಗೆ ಕೈಚಾಚಿದಾಗ ಬೆರಳಿಗೆ ಬೆರಳು ತಾಗಿತು; ಇಬ್ಬರೂ ಹಿಂದಕ್ಕೆ ತೆಗೆಯಲಿಲ್ಲ. ಅವಳ ಸಹಿಯ ಪಕ್ಕದಲ್ಲಿ ಬಲಗೈಯಲ್ಲಿ ನಿಧಾನವಾಗಿ 'ಒಪ್ಪಂದ' ಎಂದು ಬರೆದು ಸಹಿ ಹಾಕಿದರು.

"ಒತ್ತು ಸರಿ ಇದೆಯಾ?"

"ಹ್ಞೂಂ," ಎಂದಳು.

ಅವಳು ಕ್ಲಾಸಿಗೆ ಹೋಗಿ ಒಪ್ಪಂದಗಳ ಪಾಠ ತೆರೆಯುವಷ್ಟರಲ್ಲಿ ಗೇಟಿನ ಬಳಿ ಬಸ್ಸು ಹಾರ್ನ್ ಮಾಡಿತು. ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು, "ಮಿಸ್, ಒಪ್ಪಂದ ಆದ್ಮೇಲೆ ಎರಡು ದೇಶ ಒಂದಾಗುತ್ತಾ?"

ಮಿಸ್ ಬೋರ್ಡಿನ ಕಡೆ ತಿರುಗಿಕೊಂಡಳು.

"ಆಗುತ್ತೆ," ಎಂದಳು. "ಆದರೆ ಮೂರು ವರ್ಷ ಹಿಡಿಯುತ್ತೆ."

ಮಕ್ಕಳು ತಲೆ ತಗ್ಗಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡರು.