ಕೋರೆಯ ನಡುವಿನ ಹೆಬ್ಬಲಸು

ಮೇ ತಿಂಗಳ ಕೊನೆಯ ಭಾನುವಾರ. ಕಡಲ ಕಡೆಯಿಂದ ಮೋಡ ಎದ್ದು ಬರುತ್ತಿತ್ತು, ಮಳೆ ಮಾತ್ರ ಇನ್ನೂ ಮನಸ್ಸು ಮಾಡಿರಲಿಲ್ಲ. ಕುಲಶೇಖರದ ಉರ್ಸುಲಾಳ ಹಿತ್ತಿಲಲ್ಲಿ ಲೋಕಯ್ಯ ಬೆಳಕು ಹರಿಯುವ ಮೊದಲೇ ಸೌದೆ ಒಟ್ಟಲು ಶುರು ಮಾಡಿದ್ದ. ಮೇಲೆ ಹೆಣೆದ ತೆಂಗಿನ ಮಡಲು ಹೊದಿಸಿ ಕಟ್ಟುತ್ತಿರುವಾಗ, ಇಗರ್ಜಿಯ ಮೊದಲ ಪೂಜೆ ಮುಗಿಸಿದ ಉರ್ಸುಲಾ ಸೀದಾ ಅವನ ಹತ್ತಿರ ಬಂದಳು.

"ಲೋಕಯ್ಯಣ್ಣ, ನಾಲ್ಕು ಹಣ್ಣು ಸಿಕ್ಕಿತು. ಹೆಬ್ಬಲಸು ಮಾತ್ರ ಇಲ್ಲ. ಪೇಟೆಯಲ್ಲಿ ಕೇಳಿದರೆ ನಗ್ತಾರೆ."

ಮನೆಯ ಚಾವಡಿಯಲ್ಲಿ ಅವಳು ಹೊಸದೊಂದು ಊಟದ ಮನೆ ಹೂಡಿದ್ದಳು. ಇವತ್ತು ಮಧ್ಯಾಹ್ನ ಒಂದಕ್ಕೇ ಮೊದಲ ಊಟ. ಹನ್ನೆರಡು ಮಂದಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅಂಗಡಿಯಲ್ಲಿ ಸಿಗದ ಐದು ಹಣ್ಣುಗಳ ಅಡಿಗೆ ತಿಂದು ಹೆಸರು ಹೇಳಬೇಕು. ಕುಂಟಲ, ಬಿಂಬುಳಿ, ಪುನರ್ಪುಳಿ, ದಾರೆಹುಳಿ ಅಡಿಗೆಮನೆಯಲ್ಲಿದ್ದವು.

"ಕಣ್ಣಿದ್ದವರು ಕಣ್ಣು ಕಟ್ಟಿ ತಿನ್ನುದು ಯಾಕೆ ಬಾಯಮ್ಮ?"

"ರುಚಿ ಗೊತ್ತಾಗ್ಲಿಕ್ಕೆ."

"ಕಣ್ಣು ಬಿಟ್ಟರೆ ಗೊತ್ತಾಗುದಿಲ್ವಾ?"

ಲೋಕಯ್ಯನಿಗೆ ಇದು ಅರ್ಥವಾಗಲಿಲ್ಲ. ಆದರೆ ಹೆಬ್ಬಲಸಿನ ಒಂದು ಮರ ಅವನಿಗೆ ಗೊತ್ತಿತ್ತು. ಉರ್ಸುಲಾಳ ತಂದೆ ಲ್ಯಾನ್ಸಿ ಪೊರ್ಬುಗಳ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ, ನಂತೂರಿಗೂ ಪಂಪ್‌ವೆಲ್ಲಿಗೂ ನಡುವೆ, ಹೆದ್ದಾರಿಯ ಕೆಳಗೆ. ಮೂವತ್ತೆಂಟು ವರ್ಷದಿಂದ ಅವನು ಅಲ್ಲಿ ಕಾಲಿಟ್ಟಿರಲಿಲ್ಲ. ಅಲ್ಲಿ ಕಲ್ಲು ಹೊರುತ್ತಿದ್ದಾಗ ಆ ಕೋರೆಯ ನೀರಿಗೆ ಬಿದ್ದ ಅವನನ್ನು ಉಳಿಸಲು ಲ್ಯಾನ್ಸಿ ಪೂಜೆಗೆ ಹಾಕಿದ್ದ ಬಿಳಿ ಅಂಗಿಯಲ್ಲೇ ಹಾರಿದ್ದರು. ಅದರ ಮಾತು ಅವರು ಅವನ ಹತ್ತಿರ ಮತ್ತೆ ಎತ್ತಲೇ ಇಲ್ಲ. ಹೋದ ವರ್ಷ ತೀರಿಕೊಂಡರು. ಋಣ ಹಾಗೇ ಉಳಿಯಿತು.

"ಊಟಕ್ಕೆ ಮೊದಲೇ ತರುವ. ನಡೀರಿ," ಎಂದ.

ಲೋಕಯ್ಯನ ಅಕ್ಕನ ಮಗ ಜಿತೇಶ್ ಟೆಂಪೋ ತಂದ. ಹಣ್ಣು ಕೊಯ್ಯುವ ದೋಟಿ, ಬಲೆಚೀಲ, ಹಗ್ಗ ಏರಿಸಿದರು. ಉರ್ಸುಲಾ ಅಪ್ಪನ ಹಳೆಯ ಬೂಟು ಹಾಕಿಕೊಂಡು ಎದುರಿನ ಸೀಟಿನಲ್ಲಿ ಕೂತಳು.

ಹೆದ್ದಾರಿಯ ಬದಿಯ ಗ್ಯಾರೇಜಿನ ಹಿಂದೆ ಇಳಿದರೆ ಅಲ್ಲಿಂದಲೇ ಕಾಡು. ಕಲ್ಲು ಕೊಯ್ದು ಬಿಟ್ಟ ಗೋಡೆಗಳು ಎರಡಾಳು ಎತ್ತರಕ್ಕೆ ನಿಂತಿದ್ದವು. ಅವುಗಳ ಬಿರುಕಿನಿಂದ ಗೋಳಿಮರದ ಬೇರು ಇಳಿದು, ಮೇಲೆ ಬಳ್ಳಿಗಳು ಚಪ್ಪರ ಹಾಕಿದ್ದವು. ತಲೆಯ ಮೇಲೆ ಲಾರಿಗಳು ಓಡುತ್ತಿದ್ದರೂ ಕೆಳಗೆ ಕಪ್ಪೆ ಕೂಗುವುದು ಕೇಳುತ್ತಿತ್ತು.

"ಬಸ್ಸಿನ ಸದ್ದು ಬಲಗಿವಿಗೆ ಬೀಳ್ತಾ ಇರಬೇಕು. ಅಷ್ಟೇ ದಾರಿ," ಎಂದ ಲೋಕಯ್ಯ. ಆಗ ಕಲ್ಲು ಹೊತ್ತವರೆಲ್ಲ ಹಾಗೆಯೇ ನಡೆಯುತ್ತಿದ್ದರು.

ಹತ್ತು ನಿಮಿಷ ನಡೆದರು. ಸದ್ದು ಬಲಕ್ಕಿತ್ತು. ಮತ್ತೆ ಎಡಕ್ಕೆ ಬಂತು. ಆಮೇಲೆ ಎದುರಿನಿಂದಲೇ ಹಾರ್ನ್ ಕೇಳಿತು. ಲೋಕಯ್ಯ ತಿರುಗಿದ, ಮತ್ತೊಮ್ಮೆ ತಿರುಗಿದ. ಕೊನೆಗೆ ಮೂವರೂ ಒಡೆದ ಒಂದು ಕಲ್ಲಿನ ಮುಂದೆ ನಿಂತರು. ಅದರ ಪಕ್ಕದಲ್ಲಿ ಉರ್ಸುಲಾಳ ಬೂಟಿನದೇ ಗುರುತು.

"ಮಾಮ, ನಾವು ಹೊರಟಲ್ಲಿಗೇ ಬಂದೆವು!"

"ನಿನ್ನ ಮೊಬೈಲಲ್ಲಿ ನೋಡು."

"ಇದರಲ್ಲಿ ನಾವು ಹೆದ್ದಾರಿಯ ನಡುವಿನಲ್ಲಿದ್ದೇವೆ. ಎಂತ ಸಾವು ಮಾರಾಯ್ರೆ!"

ಗಂಟೆ ಹತ್ತೂವರೆ. ಲೋಕಯ್ಯನಿಗೆ ತಲೆ ಗಿರ್ರೆಂದಿತು. ಅವನು ಕಲ್ಲು ಹೊರುವ ಕಾಲದಲ್ಲಿ ಇದ್ದದ್ದು ಒಂದೇ ಸಣ್ಣ ರಸ್ತೆ. ಈಗ ಸದ್ದು ಎಲ್ಲ ಕಡೆಯಿಂದ ಬಂದು ಗೋಡೆಗೆ ಬಡಿದು ಮರಳುತ್ತಿತ್ತು. ದಾಟಿದರೆ ದಾರಿ ಮರೆಸುತ್ತದೆಂದು ಹಿರಿಯರು ಹೇಳುವ ಬಳ್ಳಿಯನ್ನು ದಾಟಿರಬೇಕು ಎಂದುಕೊಂಡ. ಹಾಗಾದಾಗ ಮಾಡುವ ಕೆಲಸ ಒಂದೇ. ನೆಲಕ್ಕೆ ಕೂತು ಎಲೆಯಡಿಕೆ ಬಿಚ್ಚಿದ.

"ಈಗ ಕೂರುದಾ?" ಉರ್ಸುಲಾ ಕೇಳಿದಳು.

"ಕೂತರೇ ದಾರಿ ಸಿಗುದು ಬಾಯಮ್ಮ."

ಅರ್ಧ ಎಲೆ ಜಗಿಯುವಷ್ಟರಲ್ಲಿ ಅವನ ಕಣ್ಣು ನೆಲಕ್ಕೆ ಹೊಂದಿಕೊಂಡಿತು. ತರಗೆಲೆಯ ನಡುವೆ ಬಾವಲಿ ಚೀಪಿ ಉಗುಳಿದ ಬೀಜ. ಸ್ವಲ್ಪ ಮುಂದೆ ಇನ್ನೆರಡು. ಅದರಾಚೆ ಹಳದಿ ಸಿಪ್ಪೆ, ಇರುವೆ ಮುತ್ತಿದ್ದು. ಕಿವಿಯನ್ನು ನಂಬುವುದು ಬಿಟ್ಟು ಬೀಜದ ಜಾಡು ಹಿಡಿದು ನಡೆದ.

ಮರ ಸಿಕ್ಕಿತು. ಆದರೆ ಮೂವರೂ ಬಾಯಿ ತೆರೆದು ನಿಂತರು.

ಅವನು ಕೆಲಸ ಬಿಟ್ಟ ಮೇಲೆ ಸುತ್ತಲೂ ಕಲ್ಲು ಕೊಯ್ದು, ಮರದ ಬುಡವನ್ನಷ್ಟೇ ಬಿಟ್ಟಿದ್ದರು. ಹಸಿರು ನೀರಿನ ಗುಂಡಿಯ ನಡುವೆ ಕೆಂಪು ಕಂಬದಂತೆ ನೆಲ; ಅದರ ತಲೆಯಲ್ಲಿ ಹೆಬ್ಬಲಸು. ದಡದಿಂದ ಅಲ್ಲಿಗೆ ಯಾರೋ ಎಂದೋ ಹಾಕಿದ ತೆಂಗಿನ ಮರದ ಸಂಕ.

"ಇಲ್ಲಿಯ ಒಂದು ಮರ ಕಡಿಯಬೇಡಿ ಅಂತ ಪಪ್ಪ ಹೇಳಿದ್ದರಂತೆ," ಉರ್ಸುಲಾ ಮೆಲ್ಲಗೆ ಹೇಳಿದಳು. "ಯಾಕೆ ಅಂತ ಹೇಳಲಿಲ್ಲ."

"ನಾನು ಹೋಗ್ತೇನೆ," ಎಂದ ಲೋಕಯ್ಯ.

"ಸೊಂಟಕ್ಕೆ ಹಗ್ಗ ಕಟ್ಟಿ."

"ನಾನೆಂತ ಎಮ್ಮೆಯಾ?"

ಆದರೂ ಅವಳೇ ಕಟ್ಟಿದಳು. ಇನ್ನೊಂದು ತುದಿ ಜಿತೇಶನ ಕೈಗೆ ಹೋಯಿತು. ಲೋಕಯ್ಯ ಕಾಲ್ಬೆರಳೂರಿ ಸಂಕ ದಾಟಿದ. ದೋಟಿಯಿಂದ ಬಾಗಿದ ಗೆಲ್ಲು ಎಳೆದ. ಕೆಂಜಿರುವೆ ಕುತ್ತಿಗೆಗೆ ಇಳಿಯಿತು. ಮುಷ್ಟಿಗಾತ್ರದ ಮುಳ್ಳುಮುಳ್ಳು ಹಣ್ಣು, ಒಂದು, ಎರಡು, ಒಂಬತ್ತು. ಬಲೆಚೀಲ ತುಂಬಿತು. ಅದನ್ನು ದೋಟಿಯ ತುದಿಗೆ ಸಿಕ್ಕಿಸಿ ಈಚೆ ಚಾಚಿ, ಸಂಕಕ್ಕೆ ಕಾಲಿಟ್ಟ.

ಎರಡು ಹೆಜ್ಜೆ.

ಮೂರನೆಯದಕ್ಕೆ ಕೊಳೆತು ಲಡ್ಡಾದ ತೆಂಗು ಬಸಕ್ಕನೆ ಕುಸಿಯಿತು.

"ದೆವಾ!" ಉರ್ಸುಲಾ ಕೂಗಿದಳು.

ಜಿತೇಶ್ ಹಗ್ಗ ಬಿಟ್ಟು ಎರಡೂ ಕೈಯಲ್ಲಿ ಹಣ್ಣಿನ ಚೀಲ ಹಿಡಿದಿದ್ದ. ಹಗ್ಗ ಹಾವಿನಂತೆ ನೆಲದಲ್ಲಿ ಓಡಿತು. ಉರ್ಸುಲಾ ಬಿದ್ದು ಅದನ್ನು ಹಿಡಿದಳು, ಬೂಟನ್ನು ಕಲ್ಲಿಗೆ ಒತ್ತಿ ತಡೆದಳು. ಲೋಕಯ್ಯ ಎದೆಮಟ್ಟ ನೀರಿನಲ್ಲಿ ಗೋಡೆಗೆ ಬಡಿದು ತೂಗಿದ. ಜಿತೇಶ್ ಚೀಲ ಇಟ್ಟು ಓಡಿಬಂದು ಕೈ ಹಾಕುವಷ್ಟರಲ್ಲಿ ಅವಳ ಅಂಗೈ ಸುಲಿದಿತ್ತು.

ಮೇಲೆ ಬಂದ ಲೋಕಯ್ಯ ಉಸಿರು ತಂದುಕೊಂಡು ಅಳಿಯನನ್ನು ನೋಡಿದ. "ಮಾಮನನ್ನು ಬಿಟ್ಟು ಹಣ್ಣು ಹಿಡಿದೆಯಲ್ಲ ಮಾರಾಯ!"

"ಹಣ್ಣು ಬಿದ್ದಿದ್ದರೆ ನೀವು ಬಿಡ್ತಿದ್ರಾ?"

ಒಂದಕ್ಕೆ ಹತ್ತು ನಿಮಿಷ ಇರುವಾಗ ಟೆಂಪೋ ಅಂಗಳಕ್ಕೆ ತಲುಪಿತು.

ಊಟಕ್ಕೆ ಬಂದವರು ಕಣ್ಣು ಕಟ್ಟಿಕೊಂಡು ಕುಂಟಲವನ್ನು ದ್ರಾಕ್ಷಿ ಎಂದರು. ಹೆಬ್ಬಲಸಿನ ತೊಳೆಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು, ಸರಿಯಾದದ್ದು ಮಾತ್ರ ಯಾರೂ ಹೇಳಲಿಲ್ಲ, ಎರಡನೇ ಸಲ ಬೇಡಿ ತಿಂದರು. ಎಲ್ಲರೂ ಹೋದ ಮೇಲೆ ಉರ್ಸುಲಾ ಲೋಕಯ್ಯನನ್ನು ಕೂರಿಸಿ, ಅವನದೇ ಹೆಗಲ ಬೈರಾಸನ್ನು ಕಣ್ಣಿಗೆ ಕಟ್ಟಿ ಬಾಯಿಗೆ ಏನನ್ನೋ ಇಟ್ಟಳು. ಹುಳಿ, ಸಿಹಿ, ಉಪ್ಪು, ತಣ್ಣಗೆ.

"ಇದು... ಅನನಾಸಾ?"

ಜಿತೇಶ್ ಹೊಟ್ಟೆ ಹಿಡಿದು ನಕ್ಕ. "ಇದಕ್ಕೇ ಅಲ್ವಾ ಮಾಮ, ನೀವು ಸಾಯ್ಲಿಕ್ಕೆ ಹೊರಟದ್ದು!"

ಬೈರಾಸಿನೊಳಗಿನ ಕತ್ತಲಲ್ಲಿ ಮಾತು ಸಲೀಸಾಯಿತು. ಮೂವತ್ತೆಂಟು ವರ್ಷದ ಹಿಂದಿನದನ್ನು ಲೋಕಯ್ಯ ಹೇಳಿದ. "ನಿಮ್ಮ ಪಪ್ಪ ನನ್ನನ್ನು ಉಳಿಸಿದ್ದು ಬಾಯಮ್ಮ. ಈ ಹಣ್ಣಿನಲ್ಲಿ ಆ ಋಣ ತೀರಿತು ಅಂತ ಎಣಿಸಿದ್ದೆ."

ಉರ್ಸುಲಾ ತಟ್ಟೆ ಬದಿಗಿಡುವ ಸದ್ದು ಕೇಳಿತು.

"ಪಪ್ಪ ಹೇಳಿದ್ದು ಹಾಗಲ್ಲವಲ್ಲ," ಎಂದಳು ಉರ್ಸುಲಾ. "ಅವರಿಗೆ ಈಜು ಬರ್ತಿರಲಿಲ್ಲ. ಹಾರಿದ ಮೇಲೆ ನೀವೇ ಒಂದು ಮರದ ಬೇರು ಹಿಡಿದು ಅವರನ್ನು ಎಳೆದದ್ದಂತೆ. ಅದು ಈ ಹೆಬ್ಬಲಸೇ ಇರಬೇಕು. ಲೋಕಯ್ಯ ಇಲ್ಲದಿದ್ದರೆ ನಾನಿಲ್ಲ ಅಂತಿದ್ದರು."

ಬೇರು ಕೈಗೆ ಸಿಕ್ಕಿದ್ದು ಲೋಕಯ್ಯನಿಗೆ ನೆನಪಿತ್ತು. ಯಾರು ಯಾರನ್ನು ಎಳೆದರೆಂದು ಎಷ್ಟು ಹುಡುಕಿದರೂ ಬರೀ ಹಸಿರು ನೀರು ಕಾಣುತ್ತಿತ್ತು.

"ಹಾಗಾದರೆ ಇವತ್ತಿನದ್ದು?"

"ಇವತ್ತಿನದ್ದರಲ್ಲಿ ಗೊಂದಲ ಇಲ್ಲ. ಹಗ್ಗ ಹಿಡಿದದ್ದು ನಾನು. ಜಿತೇಶ್ ಸಾಕ್ಷಿ."

ಸುಲಿದ ಅಂಗೈಯಿಂದ ಅವಳು ಇನ್ನೊಂದು ತೊಳೆ ಕೊಟ್ಟಳು. ಲೋಕಯ್ಯ ಬೈರಾಸು ಬಿಚ್ಚದೆಯೇ ಬಾಯಿಗಿಟ್ಟ. ಈ ಸಲ ನಾಲಗೆಗೆ ಹೆಬ್ಬಲಸಿನ ಗುರುತು ಸಿಕ್ಕಿತು.

"ಬರುವ ವರ್ಷಕ್ಕೆ ಹೊಸ ಸಂಕ ಹಾಕ್ಬೇಕು ಬಾಯಮ್ಮ," ಎಂದ. "ನಾನೇ ಹಾಕ್ತೇನೆ."