ಮಿಲ್ಲಿನೊಳಗಿನ ಬಿಸಿಲುಕೋಲು

"ಅಯ್ಯೋ, ಯಾರದು ಬಿದ್ದಿರೋದು? ಹಾವೇನಾದ್ರೂ ಕಚ್ಬುಡ್ತಾ?"

ಬಾಗಿಲ ಕಡೆಯಿಂದ ಬಂದ ಗಂಡುದನಿಗೆ ರೂಪಶ್ರೀ ಬೆಚ್ಚಿದಳು. ಆದರೂ ಅವಳು ಏಳಲಿಲ್ಲ. ಕೊಣನೂರಿನ ಆ ಪಾಳುಬಿದ್ದ ಅಕ್ಕಿ ಮಿಲ್ಲಿನ ನೆಲದಲ್ಲಿ ಅಂಗಾತ ಮಲಗಿ, ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡೇ ಇದ್ದಳು.

"ಉಶ್! ಎರಡೇ ನಿಮಿಷ... ಒಳಗೆ ಬರಬೇಡಿ, ನಿಮ್ಮ ನೆರಳು ಬೀಳುತ್ತೆ!"

"ನಮ್ಮ ಮಿಲ್ಲಿಗೆ ನಾನೇ ಬರಬಾರ್ದಾ? ಇದೊಳ್ಳೆ ಕತೆ ಆಯ್ತಲ್ಲ!"

ನಮ್ಮ ಮಿಲ್ಲು! ರೂಪಶ್ರೀ ದಡಬಡಿಸಿ ಎದ್ದಳು. ಕೂದಲ ತುಂಬ ಹಳೆಯ ಹೊಟ್ಟು, ಮೂಗಿನ ಮೇಲೆ ಧೂಳು.

"ಕ್ಷಮಿಸಿ... ಟೀ ಅಂಗಡಿ ಚಿಕ್ಕಯ್ಯ ಅವರು, ಬೀಗ ಇಲ್ಲ, ಹೋಗವ್ವ ಅಂದ್ರು. ನಾನು ಹೊಳೆನರಸೀಪುರದಲ್ಲಿ ಲೆಕ್ಚರರ್. ಹಳೇ ಕಟ್ಟಡಗಳ ಫೋಟೋ ತೆಗೀತೀನಿ. ಏನೂ ಮುಟ್ಟಿಲ್ಲ..."

ಹೊಸ್ತಿಲಲ್ಲಿ ನಿಂತಿದ್ದವನು ನಕ್ಕುಬಿಟ್ಟ. "ಮುಟ್ಟಾಕೆ ಏನೈತೆ ಮೇಡಮ್ ಇಲ್ಲಿ? ಇಲಿ, ಪಾರಿವಾಳ ಬಿಟ್ರೆ ನೀವೇ."

ಅವನು ಮಂಜೇಶ್. ಆ ಮಿಲ್ಲು ನಡೆಸುತ್ತಿದ್ದ ನಂಜಯ್ಯನವರ ಒಬ್ಬನೇ ಮಗ. ಅಪ್ಪ ತೀರಿಕೊಂಡ ವರ್ಷವೇ ಮಿಲ್ಲು ನಿಂತಿತ್ತು. ಈಗ ಹನ್ನೆರಡು ವರ್ಷ. ಅವನು ಭತ್ತ, ಶುಂಠಿ ಬೆಳೆದುಕೊಂಡು ಅವ್ವ ಕೃಷ್ಣಮ್ಮನ ಜೊತೆ ಇದ್ದ.

ಬಸ್ಸಿನಲ್ಲಿ ಟಿಕೆಟ್ಟನ್ನು ಮೂರು ಸಲ ಮುಟ್ಟಿ ನೋಡಿಕೊಳ್ಳುವ ರೂಪಶ್ರೀ, ಆಮೇಲೆ ಪ್ರತಿ ಭಾನುವಾರ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಕೊಣನೂರಿಗೆ ಬರತೊಡಗಿದಳು. ಹೆಂಚು ಜಾರಿದ ಕಡೆ ಬಿಸಿಲು ಇಳಿಯುತ್ತಿತ್ತು. ಧೂಳಿನಲ್ಲಿ ಅದು ಕಂಬದ ಹಾಗೆ ನಿಲ್ಲುತ್ತಿತ್ತು. ಮಾಗಿಯ ಬಿಸಿಲು ಇನ್ನೊಂದು ವಾರಕ್ಕೆ ಸರಿಯಾಗಿ ಯಂತ್ರದ ದೊಡ್ಡ ಚಕ್ರದ ಮೇಲೇ ಬೀಳಬೇಕು... ಅದೊಂದು ಚಿತ್ರ ಸಿಕ್ಕರೆ ಸಾಕು!

"ಫ್ಲಾಶ್ ಹಾಕ್ಬುಟ್ರೆ ಆಗಕಿಲ್ವಾ ಮೇಡಮ್?"

"ಇಲ್ಲ. ತಾನಾಗಿ ಬರೋ ಬೆಳಕಿಗೇ ಕಾಯ್ತೀನಿ."

"ನಾವು ಮಳೆ ಕಾದಂಗೆ ಅನ್ನಿ."

ಅವನು ಅವ್ವ ಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದ. ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಒಂಟಿ ಹೆಣ್ಣು ಒಳಗಿದ್ದಾಳೆಂಬ ಮರ್ಯಾದೆ ಇರಬೇಕು ಎಂದುಕೊಂಡ ರೂಪಶ್ರೀಗೆ, ಆ ಮರ್ಯಾದೆಯೇ ಯಾಕೋ ಇಷ್ಟವಾಗಿತ್ತು. ಬಸ್ಸಿನ ಕಿಟಕಿಯಲ್ಲಿ ತನ್ನಷ್ಟಕ್ಕೆ ನಗುವುದು ಅಭ್ಯಾಸವಾಗಿತ್ತು.

'ಬೇಡ ರೂಪಾ... ಸುಮ್ಮನೆ ಆಸೆ ಇಟ್ಕೋಬೇಡ' ಎಂದು ತನಗೆ ತಾನೇ ಹೇಳಿಕೊಳ್ಳುವುದೂ!

"ಮುಂದಿನ ಭಾನುವಾರ, ಒಂಬತ್ತೂವರೆಗೆ ಬೆಳಕು ಚಕ್ರಕ್ಕೆ ಬರುತ್ತೆ. ಅದೇ ಮುಖ್ಯವಾದ ಫೋಟೋ. ಹಾಸನದಲ್ಲಿ ಪ್ರದರ್ಶನಕ್ಕೆ ಇಡ್ತೀನಿ," ಎಂದಳು.

ಮಂಜೇಶನ ಮುಖ ಅರಳಿತು. "ನಮ್ಮ ಮಿಲ್ಲು? ಹಾಸನದಲ್ಲಿ? ನೀವು ಬನ್ನಿ ಮೇಡಮ್, ನಾನು ನೋಡ್ಕತೀನಿ!"

ನೋಡಿಕೊಳ್ಳುವುದೆಂದರೆ ಏನೆಂದು ಅವಳು ಕೇಳಲಿಲ್ಲ.

ಆ ಭಾನುವಾರ ಬಾಗಿಲಲ್ಲಿ ರಂಗೋಲಿ ಇತ್ತು.

ಒಳಗೆ ಕಾಲಿಟ್ಟವಳು ಕಲ್ಲಾಗಿ ನಿಂತಳು. ಜೇಡರಬಲೆ ಇಲ್ಲ. ಹೊಟ್ಟಿಲ್ಲ. ಗೋಡೆಗೆ ಸುಣ್ಣ. ಗುಡಿಸಿ ತೊಳೆದ ಸಿಮೆಂಟು ನೆಲ ಇನ್ನೂ ಒದ್ದೆ. ಒಂಬತ್ತೂವರೆ ಆಗಿತ್ತು. ಚಕ್ರದ ಮೇಲೆ ಕೈಯಗಲದ ಬಿಸಿಲು ಬಿದ್ದಿತ್ತು, ಅಷ್ಟೇ. ಗಾಳಿಯಲ್ಲಿ ಬೆಳಕಿನ ಕಂಬವೇ ಇಲ್ಲ!

"ಹೆಂಗೈತೆ?" ಹೊರಗಿನಿಂದ ಹಿಗ್ಗಿನ ದನಿ. ಅವನ ಹಿಂದೆ ಇಬ್ಬರು ಕೆಲಸದಾಳುಗಳು ಕೂಡ ನಗುತ್ತ ನಿಂತಿದ್ದರು. "ಮೂರು ದಿವಸ ಆಯ್ತು ನೋಡಿ!"

"ಏನ್ ಮಾಡಿಬಿಟ್ರಿ!" ರೂಪಶ್ರೀ ಕಿರುಚಿಯೇಬಿಟ್ಟಳು. "ಧೂಳಿಲ್ಲದೆ ಬಿಸಿಲುಕೋಲು ಕಾಣುತ್ತಾ? ನಿಮ್ಮನ್ನ ಯಾರು ಕೇಳಿದ್ರು? ಎಲ್ಲಾ ಹಾಳ್ಮಾಡಿಬಿಟ್ರಿ!"

ಆಳುಗಳ ನಗು ನಿಂತಿತು.

ಮಂಜೇಶ್ ಅವಳನ್ನೇ ನೋಡಿದ. ದನಿ ಏರಿಸಲಿಲ್ಲ. "ನಮ್ಮಪ್ಪನ ಮಿಲ್ಲು ಹಾಳಾಗಿದ್ರೇನೇ ಚೆಂದ ನಿಮ್ಗೆ. ಅಲ್ವಾ ಮೇಡಮ್?"

ಅವನು ತಿರುಗಿ ಗದ್ದೆಯ ಕಡೆ ನಡೆದುಬಿಟ್ಟ.

ಅವತ್ತು ಬಸ್ಸಿನಲ್ಲಿ ಅವಳು ನಗಲಿಲ್ಲ. ಒಂದು ಮಾತಾಡುವ ಮುಂಚೆ ನಾಲ್ಕು ಸಲ ತೂಗುವವಳು ತಾನು... ತೂಗದೆ ಆಡಿದ ಒಂದೇ ಮಾತು ಹೋಗಿ ಎಲ್ಲಿಗೆ ಬಡಿಯಿತು! ಎರಡು ದಿನ ಮೊಬೈಲಿನಲ್ಲಿ 'ಕ್ಷಮಿಸಿ' ಎಂದು ಬರೆದಳು, ಅಳಿಸಿದಳು. ಅತ್ತ ಕಡೆಯಿಂದಲೂ ಸದ್ದಿಲ್ಲ.

'ಮನೆಗೆ ನೆಂಟರು ಬರುತ್ತಾರೆಂದರೆ ಅಮ್ಮ ಗುಡಿಸುವುದಿಲ್ಲವೇ? ಫೋಟೋ ಎಂದರೆ ತಲೆ ಬಾಚಿಕೊಳ್ಳುವುದಿಲ್ಲವೇ ಯಾರಾದರೂ? ಅವರು ಮಾಡಿದ್ದೂ ಅದೇ ತಾನೇ...'

ಬುಧವಾರ ಕಾಲೇಜಿಗೆ ರಜೆ ಹಾಕಿ, ಮೊದಲ ಬಸ್ಸು ಹತ್ತಿದಳು.

ಕೃಷ್ಣಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಬಾ ಮಗಾ. ಬಯ್ಯಾಕೆ ಬಂದ್ಯಾ, ರಾಜಿಗ್ ಬಂದ್ಯಾ?"

"ತಪ್ಪಾಯ್ತು ಅನ್ನೋಕೆ ಬಂದೆ ಅಮ್ಮ."

"ನನ್ಗ್ಯಾಕೆ ಏಳ್ತೀಯ? ಮೂತಿ ಊದಿಸ್ಕಂಡಿರೋದು ಅವ್ನು." ಕಾಯಿ ಸುಲಿಯುವ ಕೈ ನಿಂತಿತು. "ಅವ್ರಪ್ಪ ಅಲ್ಲೇ ಮೂಟೆ ಪಕ್ಕ ಕುಸಿದು ಓಗ್ಬುಟ್ರು ಕಣವ್ವ. ಅವತ್ತಿಂದ ಇವ್ನು ಒಸ್ಲು ದಾಟಿರ್ನಿಲ್ಲ. ಎಷ್ಟು ಏಳಿದ್ರೂ ಇಲ್ಲ. ಓದ ವಾರ ತಾನಾಗೇ ಪೊರಕೆ ಇಡ್ಕಂಡು ಒಳೀಕ್ ಓದ... ನಿನ್ಗೋಸ್ಕರ."

ಮರ್ಯಾದೆ ಎಂದುಕೊಂಡಿದ್ದಳಲ್ಲ ರೂಪಶ್ರೀ... ಅದು ನೋವು!

ಮಿಲ್ಲಿನತ್ತ ಓಡಿದಳು. ಬಾಗಿಲಲ್ಲೇ ಸೀನು ಬಂತು.

ಒಳಗೆ ಮಂಜೇಶ್ ತಲೆಯಿಂದ ಕಾಲವರೆಗೆ ಬೂದುಬಣ್ಣವಾಗಿ, ಬೊಗಸೆಬೊಗಸೆ ಹೊಟ್ಟು ಎತ್ತಿ ಮೇಲಕ್ಕೆ ತೂರುತ್ತಿದ್ದ!

"ಏನ್ರೀ ಇದು?"

ಅವನು ಕಳ್ಳನಂತೆ ನಿಂತ. "ಧೂಳು ಬೇಕು ಅಂದ್ರಲ್ಲ... ಅರಕಲಗೂಡಿಂದ ಎರಡು ಮೂಟೆ ಹೊಟ್ಟು ತಂದಿವ್ನಿ. ಮೊದ್ಲಿನಂಗೆ ಮಾಡುವ ಅಂತ. ಕ್ವಾಪದಲ್ಲಿ ಏನೋ ಅಂದ್ಬುಟ್ಟೆ ಮೇಡಮ್."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

"ಬೇಡ... ಸಾಕು, ಬಿಡಿ ಆ ಮೂಟೆ! ನೀವಂದಿದ್ದು ನಿಜ. ಇಲ್ಲಿ ಬೆಳಕನ್ನಷ್ಟೇ ನೋಡಿದೆ, ನಿಮ್ಮಪ್ಪನ್ನ ನೋಡಲಿಲ್ಲ ನಾನು. ತಪ್ಪು ನಂದು."

ಅವನು ಬೊಗಸೆಯ ಹೊಟ್ಟು ಕೆಳಗೆ ಬಿಟ್ಟ. ತೋಳಿನಿಂದ ಕಣ್ಣೊರೆಸಿಕೊಂಡ. ಕಣ್ಣಿಗೆ ಧೂಳು ಹೋಗಿರಬೇಕು ಎಂಬಂತೆ ಅವಳು ಬೇರೆ ಕಡೆ ನೋಡಿದಳು.

"ಮಂಜೇಶ್... ಅವರು ಯಾವಾಗಲೂ ಎಲ್ಲಿ ನಿಲ್ತಿದ್ರು?"

"ಅಗೋ, ಆ ಕಿಟಕಿ ತಾವ."

"ಅಲ್ಲಿ ನಿಂತ್ಕೊಳ್ಳಿ. ಚಕ್ರ ಬೇಡ. ನಿಮ್ಮ ಫೋಟೋ ತೆಗೀತೀನಿ."

ಹೊಸ ಸುಣ್ಣದ ಗೋಡೆಗೆ ತಾಗಿದ ಬೆಳಕು ಮೆಲ್ಲನೆ ಅವನ ಮುಖಕ್ಕೆ ಬಂತು. ಇಷ್ಟು ಮೆತ್ತನೆಯ ಬೆಳಕನ್ನು ಅವಳು ಯಾವ ಪಾಳುಮನೆಯಲ್ಲೂ ಕಂಡಿರಲಿಲ್ಲ. ಆದರೆ ಕ್ಯಾಮೆರಾ ಕಣ್ಣಿಗಿಟ್ಟವಳು ಕ್ಲಿಕ್ ಮಾಡಲಿಲ್ಲ.

"ಯಾಕೆ ಮೇಡಮ್?"

"ಮನುಷ್ಯರ ಫೋಟೋ ತೆಗೆಯೋಕೆ ಹೆದರಿಕೆ ನನಗೆ. ಗೋಡೆ ತಿರುಗಿ ನೋಡಲ್ಲ. ನೀವು ನೋಡ್ತೀರ."

"ನೋಡಿದ್ರೆ ಏನಾಯ್ತದೆ?"

"ಗೊತ್ತಾಗಿಬಿಡುತ್ತೆ ನಿಮಗೆ..."

"ಏನು?"

"ಭಾನುವಾರ ನಾನು ಬರೋದು... ಬರೀ ಬೆಳಕಿಗಲ್ಲ ಅಂತ."

ಮಂಜೇಶನ ಮುಖದ ಧೂಳಿನೊಳಗಿಂದ ನಗು ಒಡೆದು ಬಂತು. ಅವಳು ಆಗಲೇ ಕ್ಲಿಕ್ ಮಾಡಿದಳು.

"ನಂಗೂ ಸೋಮವಾರದಿಂದ್ಲೇ ಭಾನುವಾರ ಕಾಯೋ ಕೆಲ್ಸ ಆಗೈತೆ ಮೇಡಮ್. ಇಲ್ಲೇ ಇದ್ಬುಡಿ."

"ಮೇಡಮ್ ಅಂತ ಕರೆಯೋರ ಮನೇಲಿ ಹೇಗೆ ಇರೋದು?"

"...ರೂಪಾ."

ಅವಳು ಕ್ಯಾಮೆರಾ ಇಳಿಸಿದಳು. "ನಿಮ್ಮಮ್ಮನ್ನ ನಮ್ಮನೆಗೆ ಕರ್ಕೊಂಡು ಬನ್ನಿ. ಕೇಳೋ ರೀತೀಲಿ ಕೇಳಲಿ."

"ಅವ್ವನಾ?" ಮಂಜೇಶ್ ತಲೆ ಕೆರೆದುಕೊಂಡ. "ಅವ್ಳು ಹೋದ ತಿಂಗ್ಳೇ ಅದ್ಕೇ ಅಂತ ಸೀರೆ ತೆಗ್ದಿಟ್ಕಂಡು ಕುಂತವ್ಳೆ!"