ಸಾಗವಾನಿ ಕಂಬದ ಆರು ಗಾಯ

"ನನ್ನ ಮಗ ಸುಳ್ಳು ಹೇಳಿದ್ರ ನಾನಾ ಅವನ್ನ ನಿಮ್ಮ ಕೈಗೆ ಕೊಡತೀನ್ರಿ ಅಯ್ನೋರ. ಆದ್ರ ಅವ ಹೇಳಿಲ್ಲ."

ಲಿಂಗಸುಗೂರಿನ ಕರಿಬಸಯ್ಯನವರ ಪಡಸಾಲೆಯಲ್ಲಿ ಆದೆಮ್ಮ ಈ ಮಾತು ಆಡಿದ್ದು ನಿಜಾಮರ ಕಾಲದ ಫಸಲಿ ೧೩೫೪ರ ಒಂದು ಬುಧವಾರ. ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಸಿಂಧನೂರಿನಿಂದ ಬಂದಿದ್ದ ಆಕೆಯ ಸೆರಗಿನ ತುಂಬ ಕರಿ ಕೂತಿತ್ತು. ಕರಿಬಸಯ್ಯ ಪೊಲೀಸ್ ಅಮೀನರಾಗಿ ನಿವೃತ್ತರಾದವರು. ಉರ್ದು ಶಾಲೆಯ ಮಾಸ್ತರನಾಗಿದ್ದ ನಾನು ಅವರ ಪತ್ತೆಗಳಿಗೆಲ್ಲ ಜೊತೆಗಾರ.

ಆದೆಮ್ಮನ ಮಗ ಅಂಬಪ್ಪ, ಸಿಂಧನೂರಿನ ಉಸ್ಮಾನ್‌ಸಾಬರ ಕಟ್ಟಿಗೆ ಅಡ್ಡೆಯಲ್ಲಿ ಬಡಗಿ. ಭಾರದ ಮರ ಹೊರಳಿಸಲು ಎಲ್ಲರೂ ಬಳಸುತ್ತಿದ್ದುದು ಉದ್ದ ಹಿಡಿಕೆಯ ಕಬ್ಬಿಣದ ಕೊಕ್ಕೆ. ಅದರ ಹಲ್ಲು ನುಣುಪಾದ ಮರವನ್ನೂ ಕಚ್ಚಿ ಗಾಯ ಮಾಡುತ್ತಿತ್ತು. ಅಂಬಪ್ಪ ಎರಡು ವರ್ಷ ಹೆಣಗಾಡಿ, ಜಾಲಿಯ ದಂಡಕ್ಕೆ ಎಮ್ಮೆತೊಗಲಿನ ಅಗಲ ಪಟ್ಟಿ ಹೂಡಿ, ಹಲ್ಲಿಲ್ಲದ ಸಾಧನವೊಂದನ್ನು ರೂಪಿಸಿದ್ದ. ದಂಡ ಎಳೆದಷ್ಟೂ ಪಟ್ಟಿ ಬಿಗಿಯುತ್ತಿತ್ತು. ಮರದ ಮೈಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಶುಕ್ರವಾರ ಸರ್ಕಾರಿ ಕಟ್ಟಡಗಳ ಇಲಾಖೆಯ ಸಾಹೇಬರು ಅದನ್ನು ನೋಡಲು ಬರುವವರಿದ್ದರು. ಆದರೆ ಮಂಗಳವಾರ ಬೆಳಿಗ್ಗೆ, ಮಸ್ಕಿಯ ಗೌಡರ ವಾಡೆಗೆಂದು ಎಣ್ಣೆ ಕುಡಿಸಿಟ್ಟಿದ್ದ ಸಾಗವಾನಿ ಕಂಬದ ಮೇಲೆ ಆರು ತೂತುಗಳು ಕಂಡವು.

"ಪಟ್ಟಿ ಕೆಲಸ ಕೊಡಲಿಲ್ಲ, ಕದ್ದು ಕೊಕ್ಕಿ ಹಾಕ್ಯಾನ ಅಂತ ಲೆಕ್ಕ ಬರಿಯೋ ಮುನಶಿ ವೆಂಕೋಬ ಹೇಳಾಕತ್ತಾನ. ನಾಳಿ ಹೊತ್ತು ಮುಣಗೂದ್ರಾಗ ಅಡ್ಡೆ ಬಿಡು ಅಂದಾರ ಸಾಬ್ರು. ಅಲ್ಲಿ ಬಿಡಿಸಿದ್ರ, ಮಸ್ಕ್ಯಾಗಾಗಲಿ ಲಿಂಗಸುಗೂರಾಗಾಗಲಿ ಯಾರೂ ಅವನ ಕೈಗೆ ಬಾಚಿ ಕೊಡಂಗಿಲ್ರಿ."

ಮಧ್ಯಾಹ್ನದ ಹೊತ್ತಿಗೆ ನಾವು ಸಿಂಧನೂರಿನಲ್ಲಿದ್ದೆವು. ಅಡ್ಡೆಯ ಬಾಗಿಲಲ್ಲೇ ಹಮಾಲರ ಮುಖಂಡ ಹುಸೇನಪ್ಪ ಸಿಪ್ಪೆ ತೆಗೆಯದ ಕೊರಡೊಂದನ್ನು ಕೊಕ್ಕೆಯಿಂದ ಹೊರಳಿಸುತ್ತಿದ್ದ. ಹಿಡಿಕೆಯ ತುದಿಯನ್ನು ಕೊರಡಿನ ಒಂದು ಮಗ್ಗುಲಿಗೆ ಒತ್ತಿ, ತೂಗಾಡುವ ಕೊಕ್ಕೆಯನ್ನು ಆಚೆ ಮಗ್ಗುಲಿಗೆ ಕಚ್ಚಿಸಿ, ಮೈಭಾರ ಹಾಕಿ ಎಳೆದ. ಮರ ಹೊರಳಿತು. ಸಿಪ್ಪೆಯ ಮೇಲೆ ಆಚೆಗೆ ಹಲ್ಲಿನ ತೂತು, ಈಚೆಗೆ ಹಿಡಿಕೆ ಊರಿದ ತಗ್ಗು.

"ಅಂಬಪ್ಪನ ಪಟ್ಟಿ ಮ್ಯಾಲ ನಿನಗ ಸಿಟ್ಟಂತಲ್ಲೋ?" ಎಂದರು ಕರಿಬಸಯ್ಯ.

"ಇರದಾ ಏನ್ರಿ? ಎಂಟು ಮಂದಿ ಮಾಡೋದನ್ನ ಇಬ್ಬರು ಮಾಡಿದ್ರ ಉಳಿದೋರು ಮಣ್ಣು ತಿನ್ನಬೇಕಾ? ಅವನ ಮಾರಿ ಮ್ಯಾಲಾ ಅಂದೀನಿ. ಬೇಕಾದ್ರ ಇನ್ನೊಮ್ಮೆ ಅಂತೀನಿ."

ಅಪರಾಧಿ ಸಿಕ್ಕನೆಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಆಗ ನನ್ನ ಸಂಶಯಗಳಿಗೆ ಪ್ರಾಯವಿತ್ತು. ಎದುರು ಸಿಕ್ಕವರ ಕೊರಳಿಗೆ ಬೀಳುತ್ತಿದ್ದವು.

ಕರಿಬಸಯ್ಯ ಕಂಬದ ನಾಲ್ಕೂ ಮೈಗಳ ಮೇಲೆ, ಕಣ್ಣು ಮುಚ್ಚಿ, ಬೆರಳಾಡಿಸಿದರು. ಒಂದೇ ಮೈಯಲ್ಲಿ ಸಾಲಾಗಿ ಆರು ತೂತು. ಉಳಿದ ಮೂರೂ ಕನ್ನಡಿಯಂತೆ ನಯ. ಆಮೇಲೆ ಅಂಬಪ್ಪನ ಕಡೆ ತಿರುಗಿದರು.

"ಸೋಮವಾರ ಎಲ್ಲಿದ್ದಿ?"

"ಮನ್ಯಾಗ ಇದ್ದೆನ್ರಿ. ಅಮಾಸಿ ದಿನ ನಾವು ಹತಾರ ಮುಟ್ಟಂಗಿಲ್ಲ. ತೊಳದು, ಇಬತ್ತಿ ಹಚ್ಚಿ ಮಲಗಿಸಿರತೀವಿ. ಅವತ್ತು ಅಡ್ಡೆಕ್ಕ ಯಾರೂ ಬರಂಗಿಲ್ರಿ, ಮುನಶಿ ಒಬ್ಬನ ಬಿಟ್ಟು."

"ನಿನ್ನ ಸಾಧನದ ಸುದ್ದಿ ಸಾಹೇಬರಿಗೆ ಹೆಂಗ ಮುಟ್ಟಿತು?"

"ಮುನಶಿ ಉರ್ದುದಾಗ ಅರ್ಜಿ ಬರದು ಕೊಟ್ಟಾನ್ರಿ. ಅಳತಿ ಎಲ್ಲಾ ನಾ ಹೇಳಿದೆ. ಅವ ಮ್ಯಾಲ ತನ್ನ ಸಹಿ ಹಾಕಿ, ಕೆಳಗ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ."

ಕರಿಬಸಯ್ಯನವರ ಹುಬ್ಬು ಒಂದಿಷ್ಟು ಮೇಲೆದ್ದು ಇಳಿಯಿತು.

ಕಂಬದ ವಿಷಯ ಕೇಳಿದಾಗ ವೆಂಕೋಬ ಗಾದಿಯಿಂದ ಏಳದೆಯೇ ಉತ್ತರಿಸಿದ. "ಕಣ್ಣಾರೆ ನೋಡೀನ್ರಿ ಅಯ್ನೋರ. ಅಮಾಸಿ ಮಧ್ಯಾನ ಕಳ್ಳನಂಗ ಬಂದ. ಕೊಕ್ಕಿ ಹಾಕಿ ಆರು ಸಲ ಕಂಬ ಹೊಳ್ಳಿಸಿದ. ಹುಚ್ಚು ಬಡಗಿ, ಪಾಪ."

ಮರುದಿನ ಮಧ್ಯಾಹ್ನ ಕರಿಬಸಯ್ಯ ಎಲ್ಲರನ್ನೂ ಕಂಬದ ಸುತ್ತ ಸೇರಿಸಿದರು. ಉಸ್ಮಾನ್‌ಸಾಬರು ಕುರ್ಚಿಯ ಮೇಲೆ, ಹಮಾಲರು ಕೊರಡುಗಳ ಮೇಲೆ, ಆದೆಮ್ಮ ಬಾಗಿಲ ಬಳಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕರಿಬಸಯ್ಯ ಕೊಕ್ಕೆಯನ್ನು ವೆಂಕೋಬನ ಕೈಗಿತ್ತರು.

"ಆರು ಸಲ ನೋಡೀಯಲ್ಲ, ಒಂದು ಸಲ ಮಾಡಿ ತೋರಸು."

ವೆಂಕೋಬ ಕೊಕ್ಕೆಯ ಹಲ್ಲನ್ನು ಕೊರಡಿಗೆ ಸಿಕ್ಕಿಸಿ ಸುಮ್ಮನೆ ಎಳೆದ. ಹಲ್ಲು ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು.

"ಮುನಶಿಯೋರ, ಅದು ಬಾವ್ಯಾಗಿನ ಕೊಡ ತಗಿಯೋ ಪಾತಾಳಗರಡಿ ಅಲ್ರಿ!" ಎಂದ ಹುಸೇನಪ್ಪ. ಹಮಾಲರು ಘೊಳ್ಳೆಂದರು.

"ನಗಬ್ಯಾಡ್ರಿ," ಎಂದರು ಕರಿಬಸಯ್ಯ. "ಕೊಕ್ಕಿ ಒಂದಾ ಮರ ಹೊಳ್ಳಸಂಗಿಲ್ಲ. ಆಚೆ ಹಲ್ಲು ಕಚ್ಚಬೇಕಾದ್ರ ಈಚೆ ಹಿಡಿಕಿ ಊರಬೇಕು. ಒಂದು ಎಳತಕ್ಕ ಎರಡು ಗುರುತು. ಈ ಕಂಬಕ್ಕ ಆರು ಹಲ್ಲು ಬಿದ್ದಾವ, ಹಿಡಿಕಿ ಊರಿದ ತಗ್ಗು ಒಂದೂ ಇಲ್ಲ. ಅಂದ್ರ ಇದನ್ನ ಯಾರೂ ಹೊಳ್ಳಿಸಿಲ್ಲ. ಹಲ್ಲು ಮರದ ಮ್ಯಾಲ ಇಟ್ಟು ಸುತ್ತಿಗಿಲೆ ಬಡದಾರ. ಅಂಬಪ್ಪ ಆರು ಸಲ ಹೊಳ್ಳಿಸಿದ್ದು ನೋಡೀನಿ ಅನ್ನೋದು ಸುಳ್ಳು."

"ಹುಸೇನಪ್ಪನೂ ಬಡಿಬೋದಿತ್ತಲ್ಲ?" ಎಂದರು ಉಸ್ಮಾನ್‌ಸಾಬರು. ನನ್ನ ಮನಸ್ಸಿನ ಪ್ರಶ್ನೆಯೂ ಅದೇ ಆಗಿತ್ತು.

"ಹುಸೇನಪ್ಪ ಮೋಸ ಮಾಡಿದ್ರ ಎರಡೂ ಗುರುತು ಮಾಡತಿದ್ದ ಸಾಬ್. ಅವನ ಕೈಗೆ ಅದು ಉಸಿರಾಡಿದಂಗ. ಅಂಬಪ್ಪನ ಕೈಗೂ ಅಷ್ಟಾ. ಇದನ್ನ ಮಾಡಿದಾವ ಕೊಕ್ಕಿಯನ್ನ ದೂರ ಕುಂತು ನೋಡಿದಾವ. ಒಮ್ಮೆನೂ ಹಿಡಿದಾವ ಅಲ್ಲ. ಅಮಾಸಿ ದಿನ ಇಲ್ಲಿದ್ದಾವ ಅಂಥವ ಒಬ್ಬನಾ."

ಸಾಬರು ಮುನಶಿಯ ಪೆಟ್ಟಿಗೆ ತೆರೆಸಿ, ಅರ್ಜಿಯ ನಕಲನ್ನು ತಾವೊಮ್ಮೆ ಓದಿಕೊಂಡು, ಎಲ್ಲರಿಗೂ ಓದಿ ಹೇಳಲು ನನ್ನ ಕೈಗೆ ಕೊಟ್ಟರು. ನಾನು ಉರ್ದುವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದೆ: "ಈ ಸಾಧನವನ್ನು ಕಲ್ಪಿಸಿ ರೂಪಿಸಿದವನು ನಾನು, ವೆಂಕೋಬ. ಇದಕ್ಕೆ ಸಾಕ್ಷಿ, ನನ್ನ ಅಡ್ಡೆಯ ಬಡಗಿ ಅಂಬಪ್ಪ." ಕೆಳಗೆ ಅಂಬಪ್ಪನ ಹೆಬ್ಬೆಟ್ಟು, ಮಸಿಯಲ್ಲಿ ಅರಳಿದ ಸುಳಿ.

"ಬರದಾವ ಅರ್ಜಿದಾರನ ಜಾಗದಾಗ ಸಹಿ ಯಾಕ ಹಾಕಿದ ಅಂತ ನಿನ್ನೆನಾ ಅನುಮಾನ ಬಂದಿತ್ತು," ಎಂದರು ಕರಿಬಸಯ್ಯ. "ಶುಕ್ರವಾರ ಅಂಬಪ್ಪ ಇಲ್ಲಿದ್ರ ಸಾಧನ ಯಾರ ಕೈಯಾಗ ಮಾತಾಡತೈತಿ ಅಂತ ಸಾಹೇಬರಿಗೆ ತಿಳಿತಿತ್ತು. ಅದಕ್ಕಾ ಅವನ್ನ ಗುರುವಾರದೊಳಗ ಓಡಸಬೇಕಿತ್ತು."

ವೆಂಕೋಬ ಕೊಕ್ಕೆಯನ್ನು ಕೆಳಗಿಟ್ಟ. "ಇಪ್ಪತ್ತು ವರ್ಷ ಮಂದಿ ಹೇಳಿದ್ದಾ ಬರದೀನಿ. ನಂದು ಅನ್ನೋದು ಒಂದು ಸಾಲೂ ಇರಲಿಲ್ಲ," ಎಂದ. ಬರೆಯುವ ಚಟ ನನಗೂ ಇತ್ತು. ಆ ಮಾತು ನನ್ನನ್ನು ಚುಚ್ಚಿತು. ಆದರೂ ಕ್ಷಮಿಸಲು ಮನಸ್ಸಾಗಲಿಲ್ಲ. ಸಾಬರು ಅವನಿಂದ ಬೀಗದ ಕೈ ಇಸಿದುಕೊಂಡು ಹೊರಗೆ ಕಳಿಸಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಸಾಹೇಬರು ಬರುವ ಮುಂಚೆ ಹೊಸ ಅರ್ಜಿ ಬೇಕಿತ್ತು. ನಾನು ಅಲ್ಲೇ ಕುಳಿತು, ಕಲ್ಪಿಸಿದವನು ಅಂಬಪ್ಪನೆಂದು ಉರ್ದುವಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿ, ಮಸಿಯನ್ನು ಅವನ ಮುಂದಿಟ್ಟೆ. ಅವನು ಬೆರಳು ಚಾಚಲಿಲ್ಲ.

"ಇನ್ನೊಮ್ಮೆ ಓದ್ರಿ ಮಾಸ್ತರ."

ಓದಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ, ಟೊಳ್ಳು ಮರವನ್ನು ಬಡಿದು ನೋಡುವವನ ಹಾಗೆ. ಆಮೇಲೆ ಕಾಗದವನ್ನು ನನ್ನ ಕೈಯಿಂದ ಮೆತ್ತಗೆ ತೆಗೆದುಕೊಂಡು ಉಸ್ಮಾನ್‌ಸಾಬರ ಹತ್ತಿರ ಹೋದ.

"ತಪ್ಪು ತಿಳಿಬ್ಯಾಡ್ರಿ. ಸಾಬ್ರ, ನೀವೊಮ್ಮೆ ಓದ್ರಿ. ಇವರು ಹೇಳಿದ್ದಾ ಐತೇನು ನೋಡಾನು."